ದಟ್ಟಣೆಯ ಎ.ಆರ್.ಟಿ. ಕೇಂದ್ರದಲ್ಲಿ ಮಾತ್ರೆ ತಪ್ಪದಂತೆ ನೋಡಿಕೊಳ್ಳುವ ಬಗೆ

ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಸೋಂಕಿತರಿಗೆ ಉಚಿತ ಎ.ಆರ್.ಟಿ. (ಮೈಯಲ್ಲಿ ವೈರಸ್ ಹೆಚ್ಚದಂತೆ ತಡೆಯುವ ಔಷಧಗಳ) ಚಿಕಿತ್ಸೆ ಆರಂಭವಾದದ್ದು 2004ರ ಏಪ್ರಿಲ್ 1ರಂದು. ಇಂದು ಬಹುತೇಕ ವಯಸ್ಕರಿಗೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ ದಿನಕ್ಕೊಮ್ಮೆ ಸಾಕು. ಔಷಧ ಸರಳವಾಯಿತು, ಅದನ್ನು ವರ್ಷಗಟ್ಟಲೆ ಬಿಡದೆ ನುಂಗುವ ಬದುಕು ಸರಳವಾಗಿಲ್ಲ. ಬೆಳಗಿನಿಂದಲೇ ಸಾಲು ನಿಲ್ಲುವ ಜಿಲ್ಲಾಸ್ಪತ್ರೆಯಲ್ಲಿ ಆಪ್ತಸಮಾಲೋಚಕರಿಗೆ ಒಬ್ಬೊಬ್ಬರೊಡನೆ ಸಿಗುವ ಕೆಲವೇ ನಿಮಿಷಗಳನ್ನು ವ್ಯರ್ಥ ಮಾಡಬಾರದು.

ಮೊದಲು ಪ್ರಶ್ನೆಯನ್ನು ಬದಲಿಸಿ. “ಮಾತ್ರೆ ಸರಿಯಾಗಿ ತಗೋತಿದ್ದೀರಾ?” ಎಂದರೆ “ಹೂಂ” ಎಂಬ ಉತ್ತರವೇ ಬರುತ್ತದೆ, ಏಕೆಂದರೆ ಹಿಂದೆ ಸಾಲು ಕಾಯುತ್ತಿದೆ, ಬೈಗುಳದ ಭಯವೂ ಇದೆ. ಅದರ ಬದಲು, “ದಿನಾ ತಗೊಳ್ಳೋದು ಕಷ್ಟಾನೇ ಅಮ್ಮಾ, ಹೋದ ವಾರ ಯಾವತ್ತು ತಪ್ಪಿತು, ಅವತ್ತು ಏನಾಗಿತ್ತು?” ಎಂದು ಕೇಳಿ ಸುಮ್ಮನಿರಿ. ಮದುವೆ ಮನೆಯ ನೆಂಟರೆದುರು ಡಬ್ಬಿ ತೆಗೆಯಲಾಗಲಿಲ್ಲ, ಅತ್ತೆಗೆ ವಿಷಯ ಗೊತ್ತಿಲ್ಲ, ಕಬ್ಬು ಕಡಿಯಲು ಹೋದಾಗ ಮಾತ್ರೆ ಮುಗಿಯಿತು, ಕೂಲಿ ಬಿಟ್ಟು ಬರಲಾಗಲಿಲ್ಲ: ಇಂಥ ನಿಜ ಕಾರಣಗಳು ಆಗ ಹೊರಬರುತ್ತವೆ, ಮತ್ತು ಪ್ರತಿಯೊಂದಕ್ಕೂ ಬೇರೆಯೇ ಪರಿಹಾರ ಬೇಕು. ಉಪವಾಸದ ದಿನ ಬಿಡುವವರಿಗೆ ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲೂ ತೆಗೆದುಕೊಳ್ಳಬಹುದೆಂದು ತಿಳಿಸಿ. ಗುಳೆ ಹೋಗುವವರಿಗೆ ಹೆಚ್ಚು ತಿಂಗಳ ಔಷಧವನ್ನೋ, ಹೋಗುವ ಊರಿಗೆ ಹತ್ತಿರದ ಕೇಂದ್ರಕ್ಕೆ ವರ್ಗಾವಣೆಯನ್ನೋ ವೈದ್ಯರೊಡನೆ ಮಾತನಾಡಿ ಮೊದಲೇ ಏರ್ಪಡಿಸಿ. ಒಂದು ದಿನ ಮರೆತವರು ನೆನಪಾದ ಕೂಡಲೇ ನುಂಗಲಿ, ಆದರೆ ಒಟ್ಟಿಗೆ ಎರಡು ಬೇಡ.

ಮಾತ್ರೆಯ ಡಬ್ಬಿಯನ್ನೂ ತರಲು ಹೇಳಿ, ಉಳಿದ ಮಾತ್ರೆ ಎಣಿಸಿ. 30 ಮಾತ್ರೆ ಪಡೆದವರು 28 ದಿನಗಳ ಬಳಿಕ ಬಂದಾಗ 2 ಉಳಿದಿದ್ದರೆ ಒಂದೂ ತಪ್ಪಿಲ್ಲ. 5 ಉಳಿದಿದ್ದರೆ 28ರಲ್ಲಿ 25 ಮಾತ್ರ ನುಂಗಿದ್ದಾರೆ, ಅಂದರೆ ಶೇ. 89. ಗುರಿ ಶೇ. 95ಕ್ಕಿಂತ ಮೇಲೆ. ಎಣಿಕೆಯನ್ನೇ ಪೂರ್ತಿ ನಂಬಬೇಡಿ, ಏಕೆಂದರೆ ಭಯದಿಂದ ಮಾತ್ರೆ ಎಸೆದು ಬರುವವರೂ ಇರುತ್ತಾರೆ. ಎಣಿಸುವವರ ಮುಖದಲ್ಲಿ ಸಿಟ್ಟು ಕಂಡರೆ ಮುಂದಿನ ಸಲ ಡಬ್ಬಿಯೇ ಬರುವುದಿಲ್ಲ. ನುಂಗಿದ ಮಾತ್ರೆ ಕೆಲಸ ಮಾಡುತ್ತಿದೆಯೇ ಎಂಬುದನ್ನು ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆ ಹೇಳುತ್ತದೆ.

ಬೇರೆ ಯಾವ ಔಷಧ ನುಂಗುತ್ತಾರೆಂದು ಕೇಳುವುದನ್ನು ಮರೆಯಬೇಡಿ. ಎದೆಯುರಿಗೆಂದು ಅಂಗಡಿಯಲ್ಲಿ ಕೊಳ್ಳುವ ಆಂಟಾಸಿಡ್ ಡೊಲುಟೆಗ್ರಾವಿರ್ ಮೈಗೆ ಸೇರದಂತೆ ತಡೆಯುತ್ತದೆ. ಎ.ಆರ್.ಟಿ. ಮಾತ್ರೆಯನ್ನು ಅದಕ್ಕೆ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಬೇಕು. ಕ್ಷಯಕ್ಕೆ ರಿಫಾಂಪಿಸಿನ್ ಆರಂಭವಾದರೆ ಡೊಲುಟೆಗ್ರಾವಿರ್ ಪ್ರಮಾಣ ಹೆಚ್ಚಿಸಬೇಕಾಗುವುದರಿಂದ ಅಂಥವರನ್ನು ಅದೇ ದಿನ ವೈದ್ಯರ ಬಳಿ ಕಳಿಸಿ.

ಬರಬೇಕಾದ ದಿನ ಬಾರದವರ ಪಟ್ಟಿಯನ್ನು ಸಂಜೆಯೇ ತೆಗೆದು ಮರುದಿನ ಕರೆ ಮಾಡಿ. ಒಪ್ಪಿಗೆಯಿಲ್ಲದೆ ಸೋಂಕಿನ ವಿಷಯ ಬಯಲು ಮಾಡುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ತಡೆಯುತ್ತದೆ. ಆದ್ದರಿಂದ ಯಾವ ನಂಬರಿಗೆ ಕರೆಯಬೇಕು, ಬೇರೆಯವರು ಎತ್ತಿದರೆ ಏನೆನ್ನಬೇಕು ಎಂಬುದನ್ನು ನೋಂದಣಿಯ ದಿನವೇ ಕೇಳಿ ಬರೆದಿಡಿ. ಹಲವು ತಿಂಗಳ ನಂತರ ಮರಳಿದವರನ್ನು “ಎಲ್ಲಿಗೆ ಹೋಗಿದ್ರಿ?” ಎಂದು ಸಾಲಿನ ಮುಂದೆ ಪ್ರಶ್ನಿಸದೆ ಒಳಗೆ ಕೂರಿಸಿ, ಕ್ಷಯದ ಸೂಚನೆಗಳಾದ ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದೆಯೇ ಎಂದು ವಿಚಾರಿಸಿ, ಅಂದೇ ವೈದ್ಯರಿಗೆ ತೋರಿಸಿ.