ಗರಸು ದಾರಿಗೆ ನಾಲ್ಕಡಿಯ ಬಾಕ್ಸ್ ಬ್ಲೇಡ್: ಮೂರು ಸಲ ಎಡವಿದ ಮೇಲಿನ ನನ್ನ ಅನುಭವ

ಹೋದ ವರ್ಷದ ಹಿಂಗಾರಿನಲ್ಲಿ ಹೊಳಲ್ಕೆರೆ ಸುತ್ತಿನ ತೋಟದ ದಾರಿಗಳು ಕೊರಕಲು ಬಿದ್ದು, ಅಡಿಕೆ ಗೊನೆ ಹೇರಿದ ಟ್ರೈಲರುಗಳು ಅಲ್ಲಲ್ಲಿ ಹೂತುಕೊಂಡವು. ಆದರೆ ಟಾರು ರಸ್ತೆಯಿಂದ ಪಂಪ್‌ಮನೆಯವರೆಗಿನ ನನ್ನ ಸುಮಾರು 600 ಮೀಟರ್ ದಾರಿ, ನೀರನ್ನು ಒಂದು ಬದಿಗೆ ಚೆಲ್ಲುತ್ತ ಗಟ್ಟಿಯಾಗಿಯೇ ಉಳಿಯಿತು. ಅದನ್ನು ಮಾಡಿದ್ದು ಜೆಸಿಬಿಯಲ್ಲ, 24 ಎಚ್‌ಪಿಯ ಫೋರ್ ವೀಲ್ ಮಿನಿ ಟ್ರ್ಯಾಕ್ಟರು ಮತ್ತು ಅದರ ಹಿಂದೆ ಕಟ್ಟಿದ ಬಾಕ್ಸ್ ಬ್ಲೇಡು, ಅಂದರೆ ಮಣ್ಣನ್ನು ಕೆರೆದು ಹೊತ್ತೊಯ್ಯುವ, ಬದಿಗೋಡೆಯಿರುವ ಕಬ್ಬಿಣದ ಪೆಟ್ಟಿಗೆ. “ಆಟಿಕೆ ಗಾಡಿಗೆ ಕಬ್ಬಿಣದ ತೊಟ್ಟಿಲು ಕಟ್ಟಿಸ್ತಿದ್ದೀಯಲ್ಲೋ ತಮ್ಮ” ಎಂದು ನಕ್ಕಿದ್ದ ನಮ್ಮ ದೊಡ್ಡಣ್ಣನೇ ಈಗ ಅದರ ಅಳತೆ ಕೇಳುತ್ತಿರುವುದರಿಂದ, ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ಕೊಂಡದ್ದು ಸಾಮಾನ್ಯ ಹಿಂಬದಿ ಲೆವೆಲರ್ ಬ್ಲೇಡು. ಐದಡಿ ಅಗಲ, ತೂಕ 90 ಕೆ.ಜಿ. ಆಸುಪಾಸು, ಬೆಲೆ ಸುಮಾರು 18,000 ರೂಪಾಯಿ. ಉತ್ತ ಹೊಲದ ಸಡಿಲ ಮಣ್ಣಿನಲ್ಲಿ ಅದು ಚೆನ್ನಾಗಿಯೇ ನಡೆಯಿತು. ನನ್ನ ದಾರಿಯ ಗರಸಿನ (ಕಲ್ಲು ಬೆರೆತ ಗಟ್ಟಿ ಮಣ್ಣಿನ) ಮೇಲೆ ಮಾತ್ರ ತೇಲಿಕೊಂಡು ಹೋಯಿತು, ಕೊಂಚ ಮಣ್ಣು ಸಿಕ್ಕರೂ ಎರಡೂ ಬದಿಗೆ ಸೋರಿ ಹೋಗುತ್ತಿತ್ತು. ಉಬ್ಬಿನ ಮಣ್ಣನ್ನು ಹೊತ್ತು ತಂದು ತಗ್ಗಿಗೆ ಇಳಿಸಬೇಕಾದ ಕಡೆ, ಬದಿಗೋಡೆಯೇ ಇಲ್ಲದ ಅಲಗಿನಿಂದ ಆಗುವ ಕೆಲಸ ಅದಲ್ಲ ಎಂದು ತಿಳಿಯಲು ನನಗೆ ಒಂದು ಮಳೆಗಾಲವೇ ಬೇಕಾಯಿತು. ಮೇಲೆ ಮರಳಿನ ಚೀಲಗಳನ್ನು ಕಟ್ಟಿ ನೋಡಿದೆ. ಕಚ್ಚುವ ಬದಲು ನೆಗೆಯಲು ಶುರುಮಾಡಿ, ದಾರಿಯುದ್ದಕ್ಕೂ ಅಲೆ ಅಲೆಯಾಗಿ ಗುರುತು ಬಿತ್ತು. ಕೊನೆಗೆ ಅದನ್ನು ಅರ್ಧ ಬೆಲೆಗೆ ಮಾರಿದೆ.

ಎರಡನೆಯ ಸಲ, ಚನ್ನಗಿರಿ ಕಡೆಯ ನೆಂಟರೊಬ್ಬರ ದೊಡ್ಡ ಟ್ರ್ಯಾಕ್ಟರಿನ ಆರಡಿ ಲೆವೆಲರನ್ನು ಎರವಲು ತಂದೆ. ಅದನ್ನು ಗಾಡಿಗೆ ಸಿಕ್ಕಿಸುವ ಕಿವಿಗಳು ದೊಡ್ಡ ಟ್ರ್ಯಾಕ್ಟರಿನ ಅಳತೆಯ (ಎರಡನೇ ವರ್ಗದ) 28 ಮಿ.ಮೀ. ಪಿನ್ನಿನವು, ನನ್ನ ಗಾಡಿಯ ಕೆಳ ಲಿಂಕಿನ, ಅಂದರೆ ಹಿಂದಿನ ಎತ್ತುವ ತೋಳಿನ, ಪಿನ್ನು 22 ಮಿ.ಮೀ. ಬುಷ್ ಹಾಕಿ, ಲಿಂಕುಗಳನ್ನು ಅಗಲಿಸಿ ಹೇಗೋ ಸೇರಿಸಿದೆನಾದರೂ, ಎತ್ತಿದ ಕೂಡಲೇ ಮುಂದಿನ ಚಕ್ರಗಳು ಹಗುರಾಗಿ ಸ್ಟೇರಿಂಗ್ ಕೈಗೆ ಸಿಗದಂತಾಯಿತು. ಕಂಪನಿಯ ಪುಸ್ತಕದಲ್ಲಿ ಲಿಫ್ಟ್ ಸಾಮರ್ಥ್ಯ 750 ಕೆ.ಜಿ. ಎಂದಿದ್ದರೂ ಅದು ಲಿಂಕಿನ ತುದಿಯ ಲೆಕ್ಕ. ಭಾರ ಹಿಂದಕ್ಕೆ ಸರಿದಷ್ಟೂ ಅದು ಕುಗ್ಗುತ್ತದೆಂಬುದನ್ನು ಅಂದು ತೋಟದ ಬದುವಿನ ಮೇಲೆ, ಎದೆ ಝಲ್ಲೆನ್ನುವಾಗ ಕಲಿತೆ.

ಸಿದ್ಧ ಬಾಕ್ಸ್ ಬ್ಲೇಡನ್ನು ವಿಚಾರಿಸಿದಾಗ ಸಾಗಣೆ ಸೇರಿ 45,000ಕ್ಕೂ ಮೇಲೆ ಹೇಳಿದರು. ಹಾಗಾಗಿ ಹತ್ತಿರದ ಒಂದು ವರ್ಕ್‌ಶಾಪಿನಲ್ಲಿ ಹೇಳಿ ಮಾಡಿಸಿದೆ. ಉಳಿತಾಯದ ಆಸೆಯಿಂದ 5 ಮಿ.ಮೀ. ತಗಡು ಹಾಕಿಸಿದ್ದು ನನ್ನ ಮೂರನೆಯ ತಪ್ಪು. ಮೊದಲನೆಯ ವಾರವೇ ಒಂದು ಬಂಡೆಯ ಮೂಲೆ ತಗುಲಿ ಬದಿಯ ತಗಡು ಒಳಕ್ಕೆ ಮಡಚಿಕೊಂಡಿತು. ಗರಸು ಬಿಡಿಸಲು ಲಾರಿಯ ಹಳೆಯ ಕಮಾನು ಪಟ್ಟಿಯನ್ನೇ ಹಲ್ಲುಗಳಾಗಿ ಬೆಸುಗೆ ಹಾಕಿಸಿದ್ದೆ. ಸ್ಪ್ರಿಂಗ್ ಉಕ್ಕಿಗೆ ಹಾಗೆ ನೇರವಾಗಿ ವೆಲ್ಡಿಂಗ್ ಹೊಡೆದರೆ ಬೆಸುಗೆಯ ಪಕ್ಕವೇ ಗಾಜಿನಂತೆ ಪೆಡಸಾಗುತ್ತದೆ. ನಾಲ್ಕರಲ್ಲಿ ಎರಡು ಅಂದೇ ಮುರಿದವು. 14,000 ರೂಪಾಯಿ ಗುಜರಿಯ ಪಾಲಾಯಿತು.

ಇಷ್ಟಾದ ಮೇಲೆ ಟೇಪು ಹಿಡಿದು ಕೂತೆ. ಹಿಂದಿನ ಟೈರುಗಳ ಹೊರಗಿನಿಂದ ಹೊರಕ್ಕೆ 44 ಇಂಚಿನಷ್ಟಿತ್ತು. ಬಾಕ್ಸು ಟೈರಿನ ಗುರುತನ್ನು ಅಳಿಸುವಷ್ಟು ಅಗಲವಿರಬೇಕು, ತುಂಬಿದಾಗ ಎಂಜಿನ್ ನಿಂತುಹೋಗುವಷ್ಟು ಅಗಲವಿರಬಾರದು, ಒಂಬತ್ತಡಿ ಅಂತರದ ಅಡಿಕೆ ಸಾಲಿನೊಳಗೆ ಬುಡಕ್ಕೆ ತಾಗದೆ ನಡೆಯಬೇಕು. ಈ ಮೂರಕ್ಕೂ 48 ಇಂಚು ಸರಿಹೊಂದಿತು. ಐದಡಿ ಬೇಕೆಂದು ವೆಲ್ಡರ್ ಹಟ ಹಿಡಿದರು, ನಾನು ಒಪ್ಪಲಿಲ್ಲ. ನನ್ನ ಮಟ್ಟಿಗೆ ಅಗಲಕ್ಕಿಂತ ತೂಕವೇ ಮುಖ್ಯ. ಒಂದು ಅಡಿ ಅಗಲಕ್ಕೆ 45 ಕೆ.ಜಿ.ಯಾದರೂ ಇಲ್ಲದಿದ್ದರೆ ನಮ್ಮ ಗರಸು ಅದಕ್ಕೆ ಜಗ್ಗುವುದಿಲ್ಲ.

ಈ ಸಲ ದಾವಣಗೆರೆಗೇ ಹೋಗಿ ಮಾಡಿಸಿದೆ. ಹಿಂಬದಿ ಮತ್ತು ಬದಿಗಳಿಗೆ 8 ಮಿ.ಮೀ. ಪ್ಲೇಟು, ಮುಂದಕ್ಕೊಂದು ಹಿಂದಕ್ಕೊಂದು 16 ಮಿ.ಮೀ. ಅಲಗು. ಅಲಗುಗಳನ್ನು ಬೆಸೆಯದೆ ಬೋಲ್ಟಿನಲ್ಲಿ ಕೂರಿಸಿದ್ದರಿಂದ ಒಂದು ಅಂಚು ಸವೆದರೆ ತಿರುಗಿಸಿ ಹಾಕಬಹುದು. ಹಲ್ಲುಗಳಿಗೆ ಗೂಡು ಮಾಡಿಸಿ, ಆಳ ಬದಲಿಸಲು ಮೂರು ತೂತು ಕೊರೆಸಿ ಪಿನ್ನು ಹಾಕಿಸಿದೆ. ಒಟ್ಟು ತೂಕ 185ರಿಂದ 190 ಕೆ.ಜಿ. ಬಂದಿತು. ಕಬ್ಬಿಣಕ್ಕೆ 12,000ದಷ್ಟು, ಅಲಗಿಗೆ 5,000 ಹತ್ತಿರ, ಕೂಲಿ 9,000, ಬಣ್ಣ ಮತ್ತು ಬಾಡಿಗೆ ಸೇರಿ 28,000ದೊಳಗೆ ಮುಗಿಯಿತು. ಜೆಸಿಬಿಗೆ ಗಂಟೆಗೆ 1,200 ಕೊಟ್ಟು ವರ್ಷಕ್ಕೆರಡು ಬಾರಿ ಕರೆಸುತ್ತಿದ್ದವನಿಗೆ ಇದು ದುಬಾರಿಯಲ್ಲ.

ಓಡಿಸುವುದೆಲ್ಲ ಟಾಪ್ ಲಿಂಕಿನ (ಉದ್ದ ಬದಲಿಸಬಹುದಾದ ಮೇಲಿನ ನಡುತೋಳಿನ) ಆಟ. ಅದನ್ನು ಗಿಡ್ಡ ಮಾಡಿದರೆ ಮುಂದಿನ ಅಲಗು ಮತ್ತು ಹಲ್ಲು ಕಚ್ಚುತ್ತವೆ, ಉದ್ದ ಮಾಡಿದರೆ ಹಿಂದಿನ ಅಲಗು ಸವರುತ್ತ ಬರುತ್ತದೆ. ಮೊದಲ ಎರಡು ಸುತ್ತು ಬರೀ ಹಲ್ಲಿನಲ್ಲಿ ಹೊಡೆದು, ಅನಂತರ ಹಲ್ಲು ಮೇಲೆತ್ತಿ ಪೆಟ್ಟಿಗೆ ಅರ್ಧ ತುಂಬುವಷ್ಟೇ ಎಳೆಯುತ್ತೇನೆ. ಬಲ ಲಿಂಕಿನ ಹಿಡಿಕೆಯನ್ನು ತಿರುಗಿಸಿ ಒಂದು ಮೂಲೆಯನ್ನು ತುಸು ತಗ್ಗಿಸಿದ್ದೇ ದಾರಿಗೆ ಇಳಿಜಾರು ಕೊಟ್ಟಿತು. ಮಳೆ ನಿಂತು ಎರಡು ಮೂರು ದಿನವಾದಾಗ ಕೆಲಸ ಮಾಡಬೇಕು. ಒಣಗಿದ ಗರಸಿನಲ್ಲಿ ಡೀಸೆಲ್ ಸುಡುವುದು ಬಿಟ್ಟರೆ ಬೇರೇನೂ ಆಗದು. ಹಿಂದಿನ ಅಲಗನ್ನು ಮುಂದಿನದಕ್ಕಿಂತ ಎಷ್ಟು ಎತ್ತರದಲ್ಲಿ, ಯಾವ ಓರೆಯಲ್ಲಿ ಕೂರಿಸಿದ್ದೇನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ಮೂರು ಸಲ ತೂತು ಮುಚ್ಚಿಸಿ ಕೊರೆಸಿದ್ದೇನೆ.

ಸುಮ್ಮನಿರಲಾರದೆ ಮಾಡಿದ ಬೇರೆ ಪ್ರಯೋಗಗಳೂ ಇವೆ. ಹರಿಹರದ ಭಾವನ ಗದ್ದೆಯಲ್ಲಿ ಕೆಸರು ಮಟ್ಟ ಮಾಡಲು ಹೋಗಿ, ಪೆಟ್ಟಿಗೆ ತುಂಬ ಕೆಸರು ಹೊತ್ತ ಗಾಡಿಯನ್ನು ಎತ್ತುಗಳಿಂದ ಎಳೆಸಬೇಕಾಯಿತು. ಎರೆ ಮಣ್ಣು ಹಸಿಯಿದ್ದಾಗ ಪ್ಲೇಟಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಸುಟ್ಟ ಆಯಿಲ್ ಬಳಿದರೂ ಹತ್ತು ನಿಮಿಷದ ಮಾತು. ಕೊಟ್ಟಿಗೆಯ ತಿಪ್ಪೆಯನ್ನು ಹಿಮ್ಮುಖವಾಗಿ ತಳ್ಳಿ ಒಟ್ಟುವುದಕ್ಕೆ ಮಾತ್ರ ಇದು ಚಿನ್ನದಂಥದ್ದು, ಆದರೆ ಜೋರಾಗಿ ತಳ್ಳಿದರೆ ಲಿಂಕು ಬಾಗುತ್ತದೆ, ನನ್ನದೊಂದು ಬಾಗಿದೆ. ಅಡಿಕೆ ಒಣಗಿಸುವ ಕಣವನ್ನು ಕೊನೆಗೆ ಸವರಲು ಹಿಂದೆ ಹಳೆಯ ಟೈರೊಂದನ್ನು ಸರಪಳಿಯಲ್ಲಿ ಕಟ್ಟಿ ಎಳೆದದ್ದು ನಿರೀಕ್ಷೆಗಿಂತ ಚೆನ್ನಾಗಿ ಬಂತು.

ಬಾಕ್ಸನ್ನು ಬಾಡಿಗೆಗೆ ಕೊಡೆಂದು ಈಗ ಊರಿನ ಮೂವರು ಕೇಳಿದ್ದಾರೆ. ಕೊಡುವುದಿಲ್ಲ, ನಾನೇ ಹೋಗಿ ಗಂಟೆಗೆ 700ರಂತೆ ಹೊಡೆದು ಕೊಡುತ್ತೇನೆ. ದೊಡ್ಡಣ್ಣನ ಕಣ ಮೊನ್ನೆ ಮುಗಿಯಿತು, ಅವನಿಂದ ಡೀಸೆಲ್ ಮಾತ್ರ ಹಾಕಿಸಿಕೊಂಡೆ.