ಪ್ಯಾಪ್ ಸ್ಮಿಯರ್: ಕೆಟ್ಟ ಕೋಶ ಕೈತಪ್ಪುವುದು ಎಲ್ಲಿ

ಗರ್ಭಕಂಠದಿಂದ, ಅಂದರೆ ಗರ್ಭಕೋಶದ ಬಾಯಿಯಿಂದ, ಕೋಶ ಕೆರೆದು ಗಾಜಿನ ಸ್ಲೈಡಿನ ಮೇಲೆ ಬಳಿದು ಕ್ಯಾನ್ಸರಿನ ಮುನ್ಸೂಚನೆ ಹುಡುಕುವ ಪರೀಕ್ಷೆ ಪ್ಯಾಪ್ ಸ್ಮಿಯರ್. ಅದರ ವರದಿ ತಪ್ಪಿತೆಂದರೆ ಎಲ್ಲರೂ ಮೊದಲು ತಿರುಗಿ ನೋಡುವುದು ಮೈಕ್ರೋಸ್ಕೋಪಿನ ಮುಂದೆ ಕೂತವರನ್ನು. ಸ್ಯಾಂಪಲ್ ತೆಗೆಯುವುದು, ಬಣ್ಣ ಹಾಕುವುದು, ಓದುವುದು ಮೂರನ್ನೂ ಮಾಡುವ ನನ್ನ ಲೆಕ್ಕ ಬೇರೆ. ಎಷ್ಟೋ ಸಲ ಕೆಟ್ಟ ಕೋಶ ಗಾಜಿನ ಮೇಲೆ ಬಂದೇ ಇರುವುದಿಲ್ಲ. ಬಂದಿದ್ದರೂ ಆಲ್ಕೋಹಾಲಿಗೆ ಬೀಳುವ ಮೊದಲೇ ಒಣಗಿ ಗುರುತು ಕೆಟ್ಟಿರುತ್ತದೆ. ಹಾಗಾಗಿ ಇಲ್ಲಿ ಲೆನ್ಸಿಗಿಂತ ಹಿಂದಿನ ಮಾತೇ ಜಾಸ್ತಿ.

ಮುಟ್ಟಾದ 10ರಿಂದ 20ನೇ ದಿನದೊಳಗೆ ಬರಲು ಹೇಳುತ್ತೇವೆ. ಅದಕ್ಕೆ ಹಿಂದಿನ 48 ಗಂಟೆ ಸಂಭೋಗ ಬೇಡ, ಯೋನಿಯೊಳಗೆ ಇಡುವ ಮಾತ್ರೆ ಬೇಡ, ಒಳಗೆ ನೀರು ಹಾಯಿಸಿ ತೊಳೆಯುವುದೂ ಬೇಡ. ಮುಟ್ಟಿನ ರಕ್ತ ಕೋಶಗಳನ್ನು ಮುಚ್ಚುತ್ತದೆ, ಕ್ರೀಮು ಬಣ್ಣ ಹಿಡಿಯಲು ಬಿಡುವುದಿಲ್ಲ. ಫಾರಂನಲ್ಲಿ ವಯಸ್ಸು, ಕೊನೆಯ ಮುಟ್ಟಿನ ದಿನ, ಕಾಪರ್ ಟಿ ಇದೆಯೇ, ಹಾರ್ಮೋನ್ ಮಾತ್ರೆ ಇದೆಯೇ, ರೇಡಿಯೇಷನ್ ಆಗಿದೆಯೇ, ಸಂಭೋಗದ ನಂತರ ರಕ್ತ ಕಾಣುತ್ತದೆಯೇ, ಹಿಂದಿನ ವರದಿ ಏನಿತ್ತು ಎಂಬುದು ಇರಲೇಬೇಕು. ‘ಬಿಳಿ ಸೆರಗು’ ಎಂದಷ್ಟೇ ಬರೆದ ಫಾರಂ ಇಟ್ಟುಕೊಂಡು ಓದುವುದು ಒಂದು ಕಣ್ಣು ಮುಚ್ಚಿಕೊಂಡು ಓದಿದ ಹಾಗೆ. ಹೆಸರು, ನಂಬರನ್ನು ಸ್ಲೈಡಿನ ಒರಟು ತುದಿಯಲ್ಲಿ ಪೆನ್ಸಿಲ್ಲಿನಿಂದ, ಅದೂ ಆಕೆ ಮಂಚದ ಮೇಲೆ ಮಲಗುವ ಮೊದಲೇ ಬರೆದಿಡಬೇಕು. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಸ್ಯಾಂಪಲ್ ತೆಗೆದ ಮೇಲೆ ಹೆಸರು ಬರೆಯಲು ಕೂತರೆ ಆ ಹೊತ್ತಿನಲ್ಲೇ ಸ್ಮಿಯರ್ ಒಣಗುತ್ತದೆ.

ಯೋನಿಯನ್ನು ಅಗಲಿಸಿ ಹಿಡಿಯುವ ಕಸ್ಕೋ ಸ್ಪೆಕ್ಯುಲಂ ಅನ್ನು ಬೆಚ್ಚಗಿನ ನೀರಿನಲ್ಲಿ ಒದ್ದೆ ಮಾಡಿಕೊಂಡರೆ ಹೆಚ್ಚಿನವರಿಗೆ ಸಾಕು. ಜೆಲ್ಲಿ ಬೇಕೇ ಬೇಕೆಂದರೆ ಬ್ಲೇಡಿನ ಹೊರಮೈಗೆ ತೆಳ್ಳಗೆ ಹಚ್ಚಿ, ತುದಿಗೆ ಬೇಡ. ತುದಿಯ ಜೆಲ್ಲಿ ಗರ್ಭಕಂಠಕ್ಕೆ ತಾಗಿದರೆ ಸ್ಲೈಡಿನ ಮೇಲೆ ನೇರಳೆ ಪರದೆಯಾಗಿ ಕೂತು ಕೋಶಗಳನ್ನು ಮರೆಮಾಡುತ್ತದೆ. “ಅಕ್ಕಾ, ಬಾಯಲ್ಲಿ ಉಸಿರು ಬಿಡಿ, ಸೊಂಟ ಮಂಚಕ್ಕೆ ಬಿಟ್ಟುಬಿಡಿ” ಎಂದು ಹೇಳಿ ಅರ್ಧ ನಿಮಿಷ ಕಾದರೆ ಸ್ನಾಯು ತಾನೇ ಸಡಿಲವಾಗುತ್ತದೆ. ಆ ಅರ್ಧ ನಿಮಿಷ ಉಳಿಸಲು ಹೋದವರಿಗೆ ಗರ್ಭಕೋಶದ ಬಾಯಿ ಪೂರ್ತಿ ಕಾಣುವುದಿಲ್ಲ. ಕಾಣದೆ ಕೆರೆದರೆ ಬರುವುದು ಯೋನಿಯ ಗೋಡೆಯ ಕೋಶ.

ಕೆರೆಯುವ ಮೊದಲು ಬರಿಗಣ್ಣಿನಿಂದ ನೋಡಿ. ಹೂಕೋಸಿನಂಥ ಬೆಳವಣಿಗೆಯೋ, ಮುಟ್ಟಿದರೆ ರಕ್ತ ಸುರಿಯುವ ಹುಣ್ಣೋ ಕಂಡರೆ ಅಲ್ಲಿ ಸ್ಮಿಯರ್ ನಂಬಿಕೊಂಡು ಕೂರಬಾರದು, ನೇರ ಬಯಾಪ್ಸಿಗೆ ಹೋಗಬೇಕು. ದೊಡ್ಡ ಕ್ಯಾನ್ಸರಿನ ಮೇಲ್ಮೈಯಲ್ಲಿ ರಕ್ತ, ಕೀವು, ಸತ್ತ ಅಂಗಾಂಶವೇ ತುಂಬಿರುತ್ತದೆ. ಸ್ಪ್ಯಾಚುಲಾಗೆ ಅದಷ್ಟೇ ಸಿಕ್ಕು ವರದಿ ‘ಉರಿಯೂತ’ ಎಂದು ಬರುವುದುಂಟು. ಸೆರಗು ತುಂಬ ಇದ್ದರೆ ಹತ್ತಿಯನ್ನು ಮೆಲ್ಲಗೆ ಒತ್ತಿ ತೆಗೆಯಿರಿ, ತಿಕ್ಕಬೇಡಿ. ತಿಕ್ಕಿದರೆ ನಮಗೆ ಬೇಕಾದ ಕೋಶಗಳೂ ಹತ್ತಿಗೇ ಹೋಗುತ್ತವೆ.

ಬೇಕಾದ ಜಾಗ ಒಂದೇ: ಹೊರಗಿನ ಚಪ್ಪಟೆ ಕೋಶಗಳೂ ಒಳನಾಳದ ಕಂಬದಂಥ ಕೋಶಗಳೂ ಸೇರುವ ಗಡಿ, ಮತ್ತು ಅದರ ಸುತ್ತ ಒಂದು ಬಗೆ ಇನ್ನೊಂದಾಗಿ ಬದಲಾಗುವ ವಲಯ. ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್) ಸೋಂಕು ಕೋಶವನ್ನು ಕೆಡಿಸುವುದು ಹೆಚ್ಚಾಗಿ ಇಲ್ಲೇ. ಈ ಪರೀಕ್ಷೆಗೆ ಹೆಸರು ಬಂದ ಪಾಪನಿಕೊಲಾವ್ ಅವರು ಸ್ತ್ರೀರೋಗತಜ್ಞ ಟ್ರಾಟ್ ಜೊತೆ 1943ರಲ್ಲಿ ಈ ಪರೀಕ್ಷೆಯನ್ನು ಪುಸ್ತಕವಾಗಿ ಬರೆದಾಗ ಯೋನಿಯಲ್ಲಿ ನಿಂತ ದ್ರವವನ್ನು ನಳಿಕೆಯಿಂದ ಎಳೆದು ನೋಡುತ್ತಿದ್ದರು. ಐರ್ ಎಂಬ ವೈದ್ಯರು 1947ರಲ್ಲಿ ಮರದ ಸ್ಪ್ಯಾಚುಲಾ ತಂದ ಮೇಲೆ ಆ ಗಡಿಯನ್ನೇ ನೇರವಾಗಿ ಕೆರೆಯುವುದು ಸಾಧ್ಯವಾಯಿತು. ನಾವು ಈಗಲೂ ಬಳಸುವುದು ಅದನ್ನೇ.

ಸ್ಪ್ಯಾಚುಲಾದ ಉದ್ದ ಕೊಂಬು ರಂಧ್ರದೊಳಗೆ ಕೂರಬೇಕು, ಗಿಡ್ಡ ಕೊಂಬು ಹೊರಮೈಗೆ ತಾಗಬೇಕು. ಹದವಾಗಿ ಒತ್ತಿ ಪೂರ್ತಿ 360 ಡಿಗ್ರಿ ಒಂದು ಸುತ್ತು. ಮುಕ್ಕಾಲು ಸುತ್ತಿಗೆ ಕೈ ನಿಂತರೆ ಉಳಿದ ಕಾಲುಭಾಗದಲ್ಲೇ ಗಾಯ ಇರಬಹುದು. ಆಮೇಲೆ ಒಳನಾಳಕ್ಕೆ ಬ್ರಷ್: ಕೆಳಗಿನ ಎಳೆಗಳು ಹೊರಗೆ ಕಾಣುವಷ್ಟೇ ತೂರಿಸಿ, ಕಾಲು ಸುತ್ತು, ಹೆಚ್ಚೆಂದರೆ ಅರ್ಧ. ಜಾಸ್ತಿ ತಿರುಗಿಸಿದರೆ ರಕ್ತ ಬರುತ್ತದೆ. ಬ್ರಷ್ ಎರಡನೆಯದಾಗಿ ಬರುವುದೂ ಅದಕ್ಕೇ. ಮೊದಲೇ ಬ್ರಷ್ ಹಾಕಿ ರಕ್ತ ಬಂದರೆ ಸ್ಪ್ಯಾಚುಲಾಗೆ ಸಿಗುವುದು ರಕ್ತವೇ. ಬಸುರಿಯರಿಗೆ ಬ್ರಷ್ ಬೇಡ. ಮುಟ್ಟು ನಿಂತವರಲ್ಲಿ ಗಡಿ ಒಳನಾಳಕ್ಕೆ ಸರಿದಿರುವುದರಿಂದ ಬ್ರಷ್ ಇಲ್ಲದ ಸ್ಯಾಂಪಲ್ ಅರೆಬರೆ. ಹತ್ತಿ ಸುತ್ತಿದ ಕಡ್ಡಿಯನ್ನು ಮಾತ್ರ ಬಳಸಬೇಡಿ, ಕೋಶಗಳು ಹತ್ತಿಯ ಎಳೆಗೇ ಅಂಟಿಕೊಂಡು ಉಳಿಯುತ್ತವೆ.

ಈಗ ಬರುವುದೇ ನಿಜವಾದ ಪರೀಕ್ಷೆ. ಸ್ಪ್ಯಾಚುಲಾದ ಎರಡೂ ಮೈಯನ್ನು ಗಾಜಿನ ಮೇಲೆ ಒಂದೇ ದಿಕ್ಕಿಗೆ, ಒಂದೇ ಎಳೆತದಲ್ಲಿ ಬಳಿಯಿರಿ. ದೋಸೆ ಹುಯ್ದಂತೆ ಸುತ್ತಿಸುತ್ತಾ ಹೋದರೆ ಕೋಶ ಜಜ್ಜಿ ನ್ಯೂಕ್ಲಿಯಸ್ ದಾರದಂತೆ ಎಳೆದುಕೊಳ್ಳುತ್ತದೆ. ಬ್ರಷ್ಷನ್ನು ಎಳೆಯಬಾರದು, ಹಿಡಿ ತಿರುಗಿಸುತ್ತಾ ಉರುಳಿಸಬೇಕು. ಮುಗಿದ ಕ್ಷಣವೇ 95% ಆಲ್ಕೋಹಾಲ್ ಇರುವ ಕಾಪ್ಲಿನ್ ಜಾರಿಗೆ (ಸ್ಲೈಡ್ ನಿಲ್ಲಿಸುವ ಗಾಜಿನ ಪಾತ್ರೆ). ಜಾರು ನಿಮ್ಮ ಬಲಗೈಗೆ ಎಟುಕುವಂತೆ, ಮುಚ್ಚಳ ತೆಗೆದೇ ಇರಬೇಕು. ನಮ್ಮ ಬೇಸಿಗೆಯಲ್ಲಿ, ಫ್ಯಾನಿನ ಕೆಳಗೆ, ತೆಳು ಸ್ಮಿಯರ್ ಕೆಲವೇ ಸೆಕೆಂಡಿನಲ್ಲಿ ಅಂಚಿನಿಂದ ಒಣಗುತ್ತಾ ಬರುತ್ತದೆ. ಸ್ಯಾಂಪಲ್ ತೆಗೆಯುವಾಗ ಫ್ಯಾನ್ ಆರಿಸುವುದು ನಮ್ಮಲ್ಲಿ ನಿಯಮ. ಒಣಗಿದ ಕೋಶದ ನ್ಯೂಕ್ಲಿಯಸ್ ಉಬ್ಬಿ ದೊಡ್ಡದಾಗುತ್ತದೆ, ಒಳಗಿನ ಕ್ರೊಮ್ಯಾಟಿನ್ ಮಸುಕಾಗುತ್ತದೆ, ಹಸಿರಾಗಬೇಕಾದ ಸೈಟೋಪ್ಲಾಸಂ ಗುಲಾಬಿಯಾಗುತ್ತದೆ. ಒಳ್ಳೆಯದು ಕೆಟ್ಟದಾಗಿ ಕಾಣುವುದೂ, ಕೆಟ್ಟದ್ದು ಕಾಣದೇ ಹೋಗುವುದೂ ಎರಡೂ ಇಲ್ಲಿಂದಲೇ.

ಎಥನಾಲ್‌ಗೆ ಅಬಕಾರಿ ಪರವಾನಗಿಯ ತಲೆನೋವು ಇರುವುದರಿಂದ ಸಣ್ಣ ಲ್ಯಾಬುಗಳು 80% ಐಸೊಪ್ರೊಪೈಲ್ ಆಲ್ಕೋಹಾಲನ್ನೋ ಶುದ್ಧ ಮೆಥನಾಲನ್ನೋ ಇಟ್ಟುಕೊಳ್ಳುತ್ತವೆ. ಎರಡೂ ಕೆಲಸ ಕೊಡುತ್ತವೆ. ಸ್ಪ್ರೇ ಬಳಸುವವರು 15ರಿಂದ 25 ಸೆಂಟಿಮೀಟರ್ ದೂರದಿಂದ ಹೊಡೆಯಬೇಕು, ಹತ್ತಿರದಿಂದ ಹೊಡೆದರೆ ಕೋಶಗಳು ಒತ್ತಡಕ್ಕೆ ಹಾರಿಹೋಗುತ್ತವೆ. ಒಂದೇ ಜಾರಿನಲ್ಲಿ ಎರಡು ಸ್ಲೈಡ್ ಇದ್ದರೆ ಒಂದರ ಒರಟು ತುದಿಗೆ ಜೆಮ್ ಕ್ಲಿಪ್ ಸಿಕ್ಕಿಸಿ, ಒಂದಕ್ಕೊಂದು ಅಂಟುವುದಿಲ್ಲ. ಅರ್ಧ ಗಂಟೆ ನೆನೆದ ಮೇಲೆ ತೆಗೆದು ಒಣಗಿಸಿ ಡಬ್ಬಿಯಲ್ಲಿಟ್ಟು ದೂರದ ಊರಿಗೆ ಕಳಿಸಬಹುದು. ಒಂದೇ ಚೀಲದಲ್ಲಿ ಬಯಾಪ್ಸಿಯ ಫಾರ್ಮಲಿನ್ ಬಾಟಲಿ ಮಾತ್ರ ಇಡಬೇಡಿ. ಫಾರ್ಮಲಿನ್ ಆವಿ ತಾಗಿದ ಸ್ಮಿಯರ್‌ಗೆ ಪ್ಯಾಪ್ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.

ಬಣ್ಣದ ಸಾಲು ನಮ್ಮದು ಹೀಗಿದೆ. 80, 70, 50 ಶೇಕಡಾ ಆಲ್ಕೋಹಾಲಿನಲ್ಲಿ ಹತ್ತತ್ತು ಸಲ ಅದ್ದಿ ಡಿಸ್ಟಿಲ್ಡ್ ನೀರಿಗೆ ಇಳಿಸುತ್ತೇವೆ. ನ್ಯೂಕ್ಲಿಯಸ್ಸಿಗೆ ಬಣ್ಣ ಕೊಡುವ ಹ್ಯಾರಿಸ್ ಹೆಮಟಾಕ್ಸಿಲಿನ್ 3 ನಿಮಿಷ, ನೀರು, 0.5% ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಒಂದೆರಡು ಅದ್ದು, ತಕ್ಷಣ ಹರಿಯುವ ನಲ್ಲಿ ನೀರಿನಲ್ಲಿ 5 ನಿಮಿಷ. 95% ಆಲ್ಕೋಹಾಲ್, ಓಜಿ-6 (ಕಿತ್ತಳೆ ಬಣ್ಣ) ಒಂದೂವರೆ ನಿಮಿಷ, ಮತ್ತೆ 95% ಎರಡು ಜಾರು, ಇಎ-50 (ಗುಲಾಬಿ, ಹಸಿರು ಬಣ್ಣ) ಮೂರು ನಿಮಿಷ, 95% ಎರಡು ಜಾರು, ಅಬ್ಸೊಲ್ಯೂಟ್ ಎರಡು, ಝೈಲೀನ್ ಎರಡು, ಆಮೇಲೆ ಡಿಪಿಎಕ್ಸ್ ಎಂಬ ಅಂಟು ಹಾಕಿ 22×50 ಮಿಲಿಮೀಟರಿನ ಕವರ್‌ಸ್ಲಿಪ್. ನ್ಯೂಕ್ಲಿಯಸ್ ನೀಲಿಗಪ್ಪು, ಮೇಲ್ಪದರದ ಕೋಶ ಗುಲಾಬಿ ಅಥವಾ ಕಿತ್ತಳೆ, ಮಧ್ಯಪದರದ್ದು ನೀಲಿಹಸಿರು ಬಂದರೆ ಸಾಲು ಸರಿಯಿದೆ.

ಆಸಿಡ್‌ನಲ್ಲಿ ಎರಡು ಅದ್ದು ಹೆಚ್ಚಾದರೆ ನ್ಯೂಕ್ಲಿಯಸ್ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ನ್ಯೂಕ್ಲಿಯಸ್ಸಿನಲ್ಲಿ, ಕ್ಯಾನ್ಸರಿಗೆ ಮುನ್ನದ ತೀವ್ರ ಬದಲಾವಣೆಯಾದ ಎಚ್‌ಎಸ್‌ಐಎಲ್ ಹುಡುಕುವುದು ಅಮಾವಾಸ್ಯೆಯಲ್ಲಿ ಸೂಜಿ ಹುಡುಕಿದ ಹಾಗೆ. ನಲ್ಲಿ ನೀರು ಕ್ಷಾರವಿಲ್ಲದೆ ನ್ಯೂಕ್ಲಿಯಸ್ ಕೆಂಪು-ನೇರಳೆಯಾಗಿಯೇ ಉಳಿದರೆ ನೀರಿಗೆ ಕೆಲವು ಹನಿ ಅಮೋನಿಯಾ ಹಾಕಿ. ಹೆಮಟಾಕ್ಸಿಲಿನ್ ಮೇಲೆ ದಿನಾ ಬೆಳಗ್ಗೆ ಲೋಹದಂತೆ ಹೊಳೆಯುವ ಕೆನೆ ಕಟ್ಟುತ್ತದೆ, ಸೋಸದೆ ಬಳಸಿದರೆ ಅದೇ ಕಪ್ಪು ಚೂರು ಸ್ಲೈಡಿಗೆ ಬರುತ್ತದೆ. ಓಜಿ, ಇಎ ಸಹ ದಿನಾ ಸೋಸಬೇಕು. ಒಬ್ಬರ ಸ್ಲೈಡಿನಿಂದ ಕಳಚಿದ ಕೋಶ ಇನ್ನೊಬ್ಬರ ಸ್ಲೈಡಿನ ಮೇಲೆ ಕೂರುವ ಅಪಾಯ ಚಿಕ್ಕದಲ್ಲ. ಅಂಥ ಕೋಶ ಸುತ್ತಲಿನವುಗಳಿಗಿಂತ ಬೇರೆ ಫೋಕಸ್ಸಿನಲ್ಲಿ, ಸ್ವಲ್ಪ ಮೇಲೆ ತೇಲಿದಂತೆ ಕಾಣುವುದೇ ಅದರ ಗುರುತು. ಝೈಲೀನ್‌ನಿಂದ ತೆಗೆದ ಸ್ಲೈಡ್ ಕವರ್‌ಸ್ಲಿಪ್‌ಗೆ ಮುಂಚೆ ಒಣಗಿದರೆ ಕೋಶದ ಮೇಲೆ ಗಾಳಿ ಸಿಕ್ಕಿ ಕಂದು ಚುಕ್ಕೆ ಮೂಡುತ್ತದೆ. ಮತ್ತೆ ಝೈಲೀನ್‌ಗೆ ಹಾಕಿ ಕವರ್‌ಸ್ಲಿಪ್ ತೆಗೆದು, ಆಲ್ಕೋಹಾಲ್ ಮೂಲಕ ನೀರಿಗೆ ಇಳಿಸಿ ಪುನಃ ಮೇಲೇರಿಸಿದರೆ ಹೋಗುತ್ತದೆ.

ಓದುವಾಗ ಮೊದಲು ಸ್ಲೈಡ್ ಓದಲು ಯೋಗ್ಯವೇ ಎಂದು ನೋಡುತ್ತೇನೆ. ವರದಿ ಬರೆಯಲು ಬಳಸುವ ಬೆಥೆಸ್ಡಾ ಪದ್ಧತಿಯ ಪ್ರಕಾರ ಗಾಜಿನ ಮೇಲೆ ನೇರ ಬಳಿದ ಸ್ಮಿಯರ್‌ನಲ್ಲಿ ಚೆನ್ನಾಗಿ ಕಾಣುವ ಚಪ್ಪಟೆ ಕೋಶ 8,000ದಿಂದ 12,000 ಇರಬೇಕು. ರಕ್ತ, ಕೀವು 75%ಗಿಂತ ಹೆಚ್ಚು ಕೋಶಗಳನ್ನು ಮುಚ್ಚಿದ್ದರೆ ಸ್ಲೈಡ್ ಅಯೋಗ್ಯ. ಒಳನಾಳದ ಅಥವಾ ಬದಲಾಗುತ್ತಿರುವ ಕೋಶ ಕನಿಷ್ಠ 10 ಸಿಕ್ಕರೆ ಗಡಿ ಮುಟ್ಟಿದ್ದಾರೆ ಎಂದರ್ಥ. ಆದರೆ ಸ್ಲೈಡ್ ಎಷ್ಟೇ ಕೆಟ್ಟಿರಲಿ, ಒಂದೇ ಒಂದು ಅಸಹಜ ಕೋಶ ಕಂಡರೂ ಅದನ್ನು ಅಯೋಗ್ಯ ಎಂದು ಬದಿಗಿಡುವಂತಿಲ್ಲ, ಕಂಡದ್ದನ್ನು ಬರೆಯಲೇಬೇಕು.

10ರ ಆಬ್ಜೆಕ್ಟಿವ್‌ನಲ್ಲಿ, ಹೊಲ ಉತ್ತಂತೆ ಸಾಲು ಸಾಲಾಗಿ, ಪ್ರತಿ ಸಾಲೂ ಹಿಂದಿನದರ ಮೇಲೆ ಸ್ವಲ್ಪ ಹಾಯುವಂತೆ ಹೋಗಬೇಕು. ಅನುಮಾನ ಬಂದಲ್ಲಿ 40ಕ್ಕೆ. ಅಳತೆಗೋಲು ಸ್ಲೈಡಿನಲ್ಲೇ ಇದೆ: ಮಧ್ಯಪದರದ ಕೋಶದ ನ್ಯೂಕ್ಲಿಯಸ್. ಅದು ಹೆಚ್ಚುಕಡಿಮೆ ಒಂದು ಕೆಂಪು ರಕ್ತಕಣದಷ್ಟು ಇರುತ್ತದೆ. ವಿಸ್ತೀರ್ಣ ಅದರ ಎರಡೂವರೆಯಿಂದ ಮೂರು ಪಟ್ಟಾಗಿ, ಉಳಿದ ಲಕ್ಷಣ ಖಚಿತವಿಲ್ಲದಿದ್ದರೆ ಆಸ್ಕಸ್, ಅಂದರೆ ಖಚಿತ ಹೆಸರು ಕೊಡಲಾಗದ ಅಸಹಜ ಕೋಶ. ಮೂರು ಪಟ್ಟು ಮೀರಿ, ಗಾಢವಾಗಿ, ದೊಡ್ಡ ಬಲಿತ ಕೋಶದಲ್ಲಿದ್ದರೆ ಅದು ಸೌಮ್ಯ ಬದಲಾವಣೆ, ಅಂದರೆ ಎಲ್‌ಎಸ್‌ಐಎಲ್. ಎಚ್‌ಪಿವಿಯ ಕೊಯ್ಲೊಸೈಟ್‌ನಲ್ಲಿ ನ್ಯೂಕ್ಲಿಯಸ್ ಸುತ್ತ ಕತ್ತರಿಸಿದಂಥ ಖಾಲಿ ಜಾಗ, ಅದರಾಚೆ ದಪ್ಪ ಅಂಚು ಇರುತ್ತದೆ. ಟ್ರೈಕೊಮೊನಾಸ್ ಎಂಬ ಪರಾವಲಂಬಿಯ ಸೋಂಕಿನಲ್ಲೂ ಬಿಳಿ ಉಂಗುರ ಬರುತ್ತದೆ, ಆದರೆ ಅದು ಸಣ್ಣದು, ಅಂಚು ದಪ್ಪವಿಲ್ಲ, ನ್ಯೂಕ್ಲಿಯಸ್ ಕೆಟ್ಟಿರುವುದಿಲ್ಲ. ಉಂಗುರ ಕಂಡ ಕೂಡಲೇ ಎಚ್‌ಪಿವಿ ಎಂದು ಬರೆಯುವವರು ಈ ಮೂರನೆಯದನ್ನು ನೋಡಿರುವುದಿಲ್ಲ.

ಹೊಸಬರು ತಪ್ಪಿಸಿಕೊಳ್ಳುವುದು ಎಚ್‌ಎಸ್‌ಐಎಲ್. ಕಣ್ಣು ದೊಡ್ಡ ಕೋಶಕ್ಕೆ ಒಗ್ಗಿರುತ್ತದೆ, ಇದು ಚಿಕ್ಕ ಕೋಶ. ಸೈಟೋಪ್ಲಾಸಂ ತೆಳು ಪಟ್ಟಿಯಷ್ಟೇ, ನ್ಯೂಕ್ಲಿಯಸ್ಸೇ ಕೋಶವನ್ನು ತುಂಬಿರುತ್ತದೆ, ಹೊರಗೆರೆ ಒಣದ್ರಾಕ್ಷಿಯಂತೆ ಉಬ್ಬು-ತಗ್ಗು. ಗುಂಪಾಗಿ ಬರದೆ ಲೋಳೆಯ ಎಳೆಯೊಳಗೆ ಒಂದೊಂದಾಗಿ, ಕೀವುಕಣಗಳ ನಡುವೆ ಅಡಗಿರುತ್ತದೆ. ಲೋಳೆಯ ಎಳೆಯನ್ನೂ ಸ್ಮಿಯರಿನ ಅಂಚನ್ನೂ ಎರಡನೇ ಸಲ ನೋಡುವುದು ಅದಕ್ಕೇ.

ವೇಷಧಾರಿಗಳೂ ಇವೆ. ಮುಟ್ಟು ನಿಂತವರಲ್ಲಿ ಬರೀ ಪ್ಯಾರಾಬೇಸಲ್ (ಕೆಳಪದರದ ಚಿಕ್ಕ) ಕೋಶ, ಒಣಗಿದ ನೀಲಿ ಉಂಡೆಗಳು ಎಚ್‌ಎಸ್‌ಐಎಲ್ ಭ್ರಮೆ ಹುಟ್ಟಿಸುತ್ತವೆ. ಅನುಮಾನ ಉಳಿದರೆ ವೈದ್ಯರು ಕೆಲವು ದಿನ ಈಸ್ಟ್ರೊಜೆನ್ ಕ್ರೀಮು ಕೊಟ್ಟು ಪುನಃ ಸ್ಮಿಯರ್ ತೆಗೆಸುತ್ತಾರೆ. ಕಾಪರ್ ಟಿ ಇದ್ದವರಲ್ಲಿ ದೊಡ್ಡ ನ್ಯೂಕ್ಲಿಯಸ್ಸಿನ ಒಂಟಿ ಕೋಶ ಬರಬಹುದು. ಗಾಯ ಮಾಯುವಾಗ ಬರುವ ಹಾಳೆಯಲ್ಲಿ ನ್ಯೂಕ್ಲಿಯೋಲಸ್ ಎದ್ದು ಕಾಣುತ್ತದೆ, ಆದರೆ ಎಲ್ಲ ನ್ಯೂಕ್ಲಿಯಸ್ಸೂ ಒಂದೇ ದಿಕ್ಕಿಗೆ ಮುಖಮಾಡಿರುತ್ತವೆ, ಒಂಟಿ ಕೋಶ ಇರುವುದಿಲ್ಲ. ಬಿ12 ಅಥವಾ ಫೋಲೇಟ್ ಕೊರತೆಯಲ್ಲಿ ನ್ಯೂಕ್ಲಿಯಸ್ಸಿನ ಜೊತೆ ಕೋಶವೂ ದೊಡ್ಡದಾಗುತ್ತದೆ, ಅನುಪಾತ ಕೆಡುವುದಿಲ್ಲ. ಫಾರಂ ತುಂಬಿ ಎಂದು ನಾನು ಜಗಳ ತೆಗೆಯುವುದು ಇವಕ್ಕಾಗಿಯೇ.

ಆಸ್ಕಸ್ ಎಂಬುದು ಧೈರ್ಯ ಸಾಲದವರ ಅಡಗುತಾಣವಾಗಬಾರದು. ನಮ್ಮ ವರದಿಗಳಲ್ಲಿ ಆಸ್ಕಸ್‌ ಮತ್ತು ಆಸ್ಕ್-ಎಚ್ (ತೀವ್ರ ಬದಲಾವಣೆಯ ಅನುಮಾನ) ಸೇರಿ, ಎಲ್‌ಎಸ್‌ಐಎಲ್ ಮತ್ತು ಎಚ್‌ಎಸ್‌ಐಎಲ್‌ಗಳ ಮೊತ್ತದ ಮೂರು ಪಟ್ಟು ಮೀರಿದರೆ ಓದುವಿಕೆ ಸಡಿಲವಾಗಿದೆ ಎಂದೇ ಲೆಕ್ಕ. ಎಚ್‌ಎಸ್‌ಐಎಲ್ ಬಂದರೆ ಮುಂದಿನದು ಕಾಲ್ಪೊಸ್ಕೋಪಿ (ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವುದು) ಮತ್ತು ಬಯಾಪ್ಸಿ, ಸ್ಮಿಯರ್ ಒಂದನ್ನೇ ಹಿಡಿದು ಗರ್ಭಕೋಶ ತೆಗೆಯುವುದಲ್ಲ.

ಸರ್ಕಾರಿ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ವಿಐಎ ಇದೆ: ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾದು ಬಿಳಿ ಕಲೆ ಬರುತ್ತದೆಯೇ ನೋಡುವುದು. ಲ್ಯಾಬ್ ಬೇಡ, ಅದೇ ದಿನ ಉತ್ತರ. ಗಡಿ ಒಳಗೆ ಸರಿದ ಹಿರಿಯರಲ್ಲಿ ಮಾತ್ರ ಅದು ನಂಬಿಕೆಗೆ ಸಾಲದು. ಎರಡನ್ನೂ ಒಂದೇ ದಿನ ಮಾಡುವುದಾದರೆ ಸ್ಮಿಯರ್ ಮೊದಲು, ಆಸಿಡ್ ಆಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನೇ ಮೊದಲ ಪರೀಕ್ಷೆಯಾಗಿ ಶಿಫಾರಸು ಮಾಡಿದೆ, ಅದರ ಸ್ಯಾಂಪಲ್ಲನ್ನು ಮಹಿಳೆ ತಾನೇ ತೆಗೆದುಕೊಳ್ಳಬಹುದು. ಆದರೂ ಪಾಸಿಟಿವ್ ಬಂದವರಲ್ಲಿ ಯಾರ ಕೋಶ ಕೆಟ್ಟಿದೆ ಎಂದು ವಿಂಗಡಿಸಲು ಹಲವೆಡೆ ಸ್ಲೈಡೇ ಬೇಕಾಗುತ್ತದೆ.

ಯಾರಿಗಾದರೂ ಹೊಸದಾಗಿ ಎಚ್‌ಎಸ್‌ಐಎಲ್ ಎಂದು ಬರೆದ ದಿನ ಅವರ ಹಿಂದಿನ ಐದು ವರ್ಷದ ‘ನಾರ್ಮಲ್’ ಸ್ಲೈಡುಗಳನ್ನು ಕಪಾಟಿನಿಂದ ತೆಗೆಸಿ ಇನ್ನೊಬ್ಬರ ಕೈಲಿ ಓದಿಸುತ್ತೇವೆ. ತಪ್ಪಿದ ಕೋಶ ಸಿಕ್ಕರೆ ಅದರ ಮೇಲೆ ಶಾಯಿಯ ಚುಕ್ಕೆ ಇಟ್ಟು, ರಿಜಿಸ್ಟರಿನ ಕೊನೆಯ ಕಾಲಂನಲ್ಲಿ ಅದು ಎಲ್ಲಿತ್ತು ಎಂದು ಬರೆಯುತ್ತೇವೆ: ಅಂಚಿನಲ್ಲೋ, ಲೋಳೆಯಲ್ಲೋ, ಒಣಗಿದ ಭಾಗದಲ್ಲೋ.