ಚಿಪ್ಸ್ ಬುಟ್ಟಿ ತುಂಬದ ವಾರ: ಪೀಣ್ಯದ ಶೆಡ್ಡಲ್ಲಿ ಎರಡು ಸ್ಲೋಡೌನ್

ಸ್ಲೋಡೌನ್ ಬಂದ ಸುದ್ದಿ ನನಗೆ ಮೊದಲು ಸಿಗೋದು ಸ್ಕ್ರ್ಯಾಪ್ ಒಯ್ಯುವವನಿಂದ. ಲೇತ್ ಮೇಲೆ ಕಬ್ಬಿಣ ಕೆತ್ತುವಾಗ ಸುರುಳಿ ಸುರುಳಿಯಾಗಿ ಬೀಳುತ್ತಲ್ಲ, ಅದನ್ನು ನಾವು ಚಿಪ್ಸ್ ಅಂತೀವಿ. ತಿನ್ನೋದಲ್ಲ. ಕೆಲಸ ಜೋರಾಗಿದ್ದಾಗ ಅವನು ವಾರಕ್ಕೆರಡು ಸಲ ಗೂಡ್ಸ್ ಆಟೋ ತರುತ್ತಾನೆ. 2019ರ ಫೆಬ್ರವರಿಯಲ್ಲಿ ಒಂದು ದಿನ ಬಂದವನು ಬುಟ್ಟಿ ನೋಡಿ, "ಏನ್ ಸಾರ್, ಅರ್ಧನೂ ಆಗಿಲ್ಲ. ಪಕ್ಕದ ಬೀದಿಯಲ್ಲೂ ಇದೇ ಕಥೆ. ಮುಂದಿನ ವಾರ ಫೋನ್ ಮಾಡಿ, ತುಂಬಿದ್ರೆ ಬರ್ತೀನಿ" ಅಂದು ಹೋದ. ಪೇಪರಿನಲ್ಲಿ ವಾಹನ ಮಾರಾಟ ಬಿದ್ದ ಸುದ್ದಿ ಮುಖಪುಟಕ್ಕೆ ಬಂದಿದ್ದು ಅದಾಗಿ ಎಷ್ಟೋ ತಿಂಗಳಿಗೆ.

ನನ್ನದು ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಎರಡನೇ ಹಂತದಲ್ಲಿ ಬಾಡಿಗೆ ಶೆಡ್. ಲಾರಿ, ಬೈಕುಗಳಿಗೆ ಬೇಕಾದ ಬುಷ್, ಪಿನ್, ಸ್ಲೀವ್ ತರಹದ ಸಣ್ಣ ಭಾಗಗಳನ್ನು ಮಾಡಿಕೊಡುತ್ತೇವೆ. ನಾವು ಕೊಡೋದು ನೇರವಾಗಿ ಲಾರಿ ಕಂಪನಿಗಲ್ಲ. ಅವರಿಗೆ ಕೊಡುವವರಿಗೆ ಕೊಡುವವರು ನಾವು. ಮೇಲೆ ಒಬ್ಬರು ಸೀನಿದರೆ ನಮಗೆ ಜ್ವರ ಬರುತ್ತೆ.

2008ರಲ್ಲಿ ಬಂದ ಜ್ವರ ಮಾತ್ರ ಸಾಮಾನ್ಯದ್ದಲ್ಲ. ಆ ವರ್ಷದ ಶುರುವಿನಲ್ಲಿ ಎಲ್ಲರೂ ಹಾರಾಡುತ್ತಿದ್ದರು. ಸೆನ್ಸೆಕ್ಸ್ 21,000 ಮುಟ್ಟಿತ್ತು. ನಾನೂ 28 ಲಕ್ಷ ಸಾಲ ಮಾಡಿ ಎರಡು ಸಿಎನ್‌ಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಮೇಲೆ ಓಡುವ ಮಷೀನ್, ತಂದೆ. ಬಡ್ಡಿ 13 ಪರ್ಸೆಂಟ್, ಐದು ವರ್ಷ, ತಿಂಗಳಿಗೆ 64 ಸಾವಿರದ ಹತ್ತಿರ ಇಎಂಐ. ಸೆಪ್ಟೆಂಬರ್ 15ಕ್ಕೆ ಅಮೆರಿಕದಲ್ಲಿ ಲೆಹ್ಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಅದಕ್ಕೂ ನಮ್ಮ ಬುಷ್‌ಗೂ ಏನು ಸಂಬಂಧ ಅಂತ ಟೀ ಅಂಗಡಿಯಲ್ಲಿ ನಕ್ಕಿದ್ದೆವು. ಸಂಬಂಧ ಎರಡೇ ತಿಂಗಳಲ್ಲಿ ಗೊತ್ತಾಯಿತು. ಸಾಲ ಸಿಗದೆ ಲಾರಿ ಕೊಳ್ಳುವವರೇ ಇಲ್ಲ. ಆ ತಿಂಗಳು ಯಾವ ಭಾಗ ಎಷ್ಟು ಬೇಕು ಅಂತ ಗಿರಾಕಿ ಕಳಿಸುವ ಶೆಡ್ಯೂಲ್ ಮೇಲ್ ಡಿಸೆಂಬರಿನದ್ದು ಬಂದಾಗ, ನಾನು ಮಾಡುವ ಮುಖ್ಯ ಭಾಗದ ಎದುರು ಸೊನ್ನೆ ಇತ್ತು. ಟೈಪ್ ತಪ್ಪಿರಬೇಕು ಅಂತ ಫೋನ್ ಮಾಡಿದೆ. ತಪ್ಪಿರಲಿಲ್ಲ.

ಆಗ ನಾನು ಮಾಡಿದ್ದೆಲ್ಲ ಉಲ್ಟಾ. ನನ್ನ ವ್ಯವಹಾರದ ಶೇ 80 ಒಬ್ಬನೇ ಗಿರಾಕಿಯದ್ದಾಗಿತ್ತು, ಅದು ಮೊದಲೇ ಮಾಡಿಕೊಂಡಿದ್ದ ತಪ್ಪು. ಅದರ ಮೇಲೆ ಮಷೀನ್ ಸುಮ್ನೆ ನಿಲ್ಲಬಾರದು ಅಂತ ಸಿಕ್ಕಿದ ರೇಟಿಗೆ ಕೆಲಸ ಹಿಡಿದೆ. ಕರೆಂಟು, ಇನ್ಸರ್ಟ್ (ಲೋಹ ಕೆತ್ತುವ ಸವೆಯೋ ತುದಿ), ಸಂಬಳ ಲೆಕ್ಕ ಹಾಕಿದರೆ ಪ್ರತಿ ಪೀಸಿಗೂ ಕೈಯಿಂದ ದುಡ್ಡು ಹೋಗುತ್ತಿತ್ತು. ಹನ್ನೊಂದು ಜನ ಹುಡುಗರಲ್ಲಿ ಐವರನ್ನು ಮನೆಗೆ ಕಳಿಸಿದೆ. ಅದರಲ್ಲಿ ಇಬ್ಬರು ಪ್ರೋಗ್ರಾಂ ಹಾಕೋದನ್ನೂ ಕಲಿತಿದ್ದರು. 2009ರ ಕೊನೆಗೆ ಕೆಲಸ ವಾಪಸ್ ಬಂದಾಗ ಅವರು ಹೊಸೂರಿನಲ್ಲಿ ಬೇರೆ ಕಡೆ ಸೇರಿಕೊಂಡಿದ್ದರು. ಅಂಥ ಕೈ ಮತ್ತೆ ತಯಾರಾಗೋಕೆ ನನಗೆ ಎರಡು ವರ್ಷ ಹಿಡಿಯಿತು.

ಇನ್ನೊಂದು ತಪ್ಪು ಮನೆಯದ್ದು. 2009ರ ಫೆಬ್ರವರಿಯಲ್ಲಿ ಇಎಂಐ ಕಟ್ಟೋಕೆ ದುಡ್ಡಿಲ್ಲದೆ ಮ್ಯೂಚುಯಲ್ ಫಂಡ್ ಎಲ್ಲ ಮಾರಿದೆ, ಅದಕ್ಕೆ ತಿಂಗಳು ತಿಂಗಳು ಹಾಕುತ್ತಿದ್ದ ಎಸ್‌ಐಪಿ ಕಂತು ನಿಲ್ಲಿಸಿದೆ. ಮಾರ್ಚಿನಲ್ಲಿ ಸೆನ್ಸೆಕ್ಸ್ 8,000ದ ಆಸುಪಾಸಿಗೆ ಬಿದ್ದಿದ್ದು ನೋಡಿ ಬಚಾವಾದೆ ಅಂದುಕೊಂಡೆ. ಮೇ 18ರ ಸೋಮವಾರ, ಲೋಕಸಭೆ ಫಲಿತಾಂಶ ಬಂದ ಮೇಲಿನ ಮೊದಲ ವಹಿವಾಟು. ಮಾರ್ಕೆಟ್ ಒಂದು ದಿನದಲ್ಲಿ ಏರಬಹುದಾದ ಮಿತಿ, ಅಂದರೆ ಮೇಲಿನ ಸರ್ಕ್ಯೂಟ್ ಮುಟ್ಟಿ ವ್ಯವಹಾರವೇ ನಿಂತುಹೋಯಿತು. ನನ್ನ ಹೆಂಡತಿ ಟಿವಿ ಆರಿಸಿ ಒಳಗೆ ಹೋದಳು. ಅವಳು ಇವತ್ತಿಗೂ ಆ ವಿಷಯ ಎತ್ತಿಲ್ಲ, ಅದೇ ಜಾಸ್ತಿ ಕಷ್ಟ.

ಆದರೆ ಆ ಸಲ ನನ್ನ ಕುತ್ತಿಗೆ ಹಿಡಿದಿದ್ದು ನಷ್ಟ ಅಲ್ಲವೇ ಅಲ್ಲ. ಆ ವರ್ಷದ ಬ್ಯಾಲೆನ್ಸ್ ಶೀಟ್‌ನಲ್ಲಿ ಸಣ್ಣದೊಂದು ಲಾಭವೇ ಇತ್ತು. ಕುತ್ತಿಗೆ ಹಿಡಿದಿದ್ದು ಡಿಪಿ ಅನ್ನೋ ಬ್ಯಾಂಕಿನ ಲೆಕ್ಕ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊಸದಾಗಿ ಶೆಡ್ ಹಾಕುವವರಿಗೆ ಯಾರೂ ಇದನ್ನು ಹೇಳಿಕೊಡೋದಿಲ್ಲ.

ಬ್ಯಾಂಕಿನಲ್ಲಿ ನನಗೆ 20 ಲಕ್ಷದ ಸಿಸಿ (ಕ್ಯಾಶ್ ಕ್ರೆಡಿಟ್) ಲಿಮಿಟ್ ಇತ್ತು, ಬೇಕಾದಾಗ ತೆಗೆದು ಬಂದಾಗ ಕಟ್ಟುವ ಸಾಲ. 20 ಲಕ್ಷ ಅಂತ ಬರೆದಿದ್ದ ಮಾತ್ರಕ್ಕೆ ಅಷ್ಟೂ ತೆಗೆಯೋಕೆ ಆಗೋದಿಲ್ಲ. ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಇರುವ ಮಾಲು, ಬರಬೇಕಾದ ಬಾಕಿ ಎರಡನ್ನೂ ಕೂಡಿಸಿ, ನಾವು ಕೊಡಬೇಕಾದ್ದನ್ನು ಕಳೆದು, ಉಳಿದದ್ದರಲ್ಲಿ ಕಾಲು ಭಾಗ ಮಾರ್ಜಿನ್ ಬಿಟ್ಟು, ಮಿಕ್ಕಿದ್ದು ಡ್ರಾಯಿಂಗ್ ಪವರ್, ಅಂದರೆ ಡಿಪಿ. ನನ್ನ ಮಾಲು 8 ಲಕ್ಷ, ಬಾಕಿ 24 ಲಕ್ಷ, ಸ್ಟೀಲಿನವರಿಗೆ ಕೊಡಬೇಕಾದ್ದು 6 ಲಕ್ಷ. ಉಳಿಯೋದು 26, ಮಾರ್ಜಿನ್ ಬಿಟ್ಟರೆ 19.5 ಲಕ್ಷ. ಸರಿ ಅಲ್ವಾ? ಗುನ್ನ ಇರೋದು ಇಲ್ಲಿ. 90 ದಿನ ದಾಟಿದ ಬಾಕಿಯನ್ನು ನನ್ನ ಬ್ಯಾಂಕು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸ್ಲೋಡೌನ್‌ನಲ್ಲಿ ಎಲ್ಲರೂ ಪೇಮೆಂಟ್ ಎಳೆಯುತ್ತಾರೆ. ನನ್ನ 24ರಲ್ಲಿ 9 ಲಕ್ಷ ಆ ಗೆರೆ ದಾಟಿತು. ಡಿಪಿ ಒಮ್ಮೆಲೇ 12.75 ಲಕ್ಷಕ್ಕೆ ಇಳಿಯಿತು. ನಾನು ಆಗಲೇ 18 ಲಕ್ಷ ತೆಗೆದಾಗಿತ್ತು. ಮೇಲಿನ ಐದೂಕಾಲು ಲಕ್ಷ ಕೂಡಲೇ ಕಟ್ಟಿ ಅಂತ ಪತ್ರ ಬಂತು. ದುಡ್ಡು ಬೇಕಾದ ಹೊತ್ತಿಗೇ ಬಾಗಿಲು ಕಿರಿದಾಗುತ್ತೆ. ಫಂಡ್ ಮಾರಿದ್ದು ಇದಕ್ಕೂ ಸೇರಿಸಿ.

ಹಾಗಾಗಿ 2010ರಿಂದ ನನ್ನ ಮೇಜಿನ ಮೇಲೆ ಒಂದು ಉದ್ದ ನೋಟ್‌ಬುಕ್ ಇದೆ. ಎಕ್ಸೆಲ್ ಇದೆ, ಟ್ಯಾಲಿ ಇದೆ, ಆದರೂ ಸೋಮವಾರ ಬೆಳಿಗ್ಗೆ ಕೈಯಲ್ಲೇ ಬರೆಯುತ್ತೇನೆ. ಎಡಗಡೆ ಗಿರಾಕಿ, ಬಲಗಡೆ ಬಿಲ್ಲಿಗೆ ಎಷ್ಟು ದಿನ ಆಯಿತು ಅನ್ನೋದು. 60 ದಾಟಿದರೆ ಕೆಂಪು ಪೆನ್.

ಕೆಂಪು ಬಿದ್ದವರಿಗೆ ಮೊದಲೆಲ್ಲ ಅಕೌಂಟ್ಸ್‌ಗೆ ಫೋನ್ ಮಾಡಿ ಬೇಡಿಕೊಳ್ಳುತ್ತಿದ್ದೆ. "ಪ್ರೋಸೆಸ್‌ನಲ್ಲಿದೆ" ಅನ್ನೋ ಉತ್ತರ. ಆಮೇಲೆ ಗೊತ್ತಾಯಿತು, ಎಷ್ಟೋ ಬಿಲ್ಲು ಅಕೌಂಟ್ಸ್‌ಗೆ ಹೋಗಿರೋದೇ ಇಲ್ಲ. ಮಾಲು ಗೇಟ್ ಒಳಗೆ ಹೋಗಿರುತ್ತೆ, ಸ್ಟೋರ್ಸ್‌ನಲ್ಲಿ ಜಿಆರ್‌ಎನ್, ಅಂದರೆ ಮಾಲು ಬಂದು ಸೇರಿತು ಅನ್ನೋ ದಾಖಲೆ, ಆಗಿರೋದಿಲ್ಲ. ಇನ್‌ಸ್ಪೆಕ್ಷನ್‌ನವರು ರಜೆ, ಅಥವಾ ಮಾಲಿನ ಜೊತೆ ಹೋಗುವ ಡೆಲಿವರಿ ಚಲನ್ ಮೇಲೆ ಅವರ ಆರ್ಡರ್ ನಂಬರ್ ಒಂದಂಕಿ ತಪ್ಪು. ಜಿಆರ್‌ಎನ್ ಆದ ದಿನದಿಂದ ಅವರ ದಿನದ ಲೆಕ್ಕ ಶುರು. ಅದಕ್ಕೆ ಈಗ ಮಾಲು ಕಳಿಸಿದ ಐದನೇ ದಿನ ನನ್ನ ಹುಡುಗ ಸ್ಟೋರ್ಸ್‌ಗೆ ಹೋಗಿ ಜಿಆರ್‌ಎನ್ ನಂಬರ್ ಬರೆದುಕೊಂಡೇ ಬರಬೇಕು. ಇಷ್ಟರಿಂದಲೇ ಸರಾಸರಿ ಹದಿನೈದು ದಿನ ಉಳಿಯಿತು. ಕಾನೂನು ಇಲ್ಲ ಅಂತಲ್ಲ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ 45 ದಿನದೊಳಗೆ ಕೊಡಬೇಕು, ತಪ್ಪಿದರೆ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡೋಕೆ ಸರ್ಕಾರದ ಆನ್‌ಲೈನ್ ಪೋರ್ಟಲ್ಲೂ ಇದೆ. ನನಗೆ ಗೊತ್ತಿರುವವರಲ್ಲಿ ದೂರು ಕೊಟ್ಟವರು ಒಬ್ಬರೇ. ದುಡ್ಡು ಬಂತು, ಮುಂದಿನ ಆರ್ಡರ್ ಬರಲಿಲ್ಲ.

2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಈ ದಿನದ ಲೆಕ್ಕ ಇನ್ನೂ ಬಿಗಿಯಾಯಿತು. 10 ಲಕ್ಷದ ಬಿಲ್ಲಿಗೆ 1.8 ಲಕ್ಷ ತೆರಿಗೆ. ಸ್ಟೀಲ್ ಕೊಳ್ಳುವಾಗಲೇ ಕಟ್ಟಿದ ತೆರಿಗೆ, ಅಂದರೆ ಇನ್‌ಪುಟ್ ಕ್ರೆಡಿಟ್, ಕಳೆದರೂ ಲಕ್ಷದ ಮೇಲೆ ಮುಂದಿನ ತಿಂಗಳ 20ಕ್ಕೆ ಕಟ್ಟಲೇಬೇಕು. ಗಿರಾಕಿ ಕೊಡೋದು ನೂರನೇ ದಿನಕ್ಕೆ. ಅಂದರೆ ದೊಡ್ಡವರ ತೆರಿಗೆಯನ್ನು ನಾನು ಸಾಲ ತಂದು ಕಟ್ಟಿದ ಹಾಗೆ.

ಈಗ 2019ಕ್ಕೆ ಬರುತ್ತೇನೆ. ಆ ಸಲ ಕಾರಣಗಳು ಒಂದರ ಮೇಲೊಂದು ಕೂತಿದ್ದವು. 2018ರ ಜುಲೈನಲ್ಲಿ ಲಾರಿಗಳ ಆಕ್ಸಲ್ ಲೋಡ್ ಮಿತಿ ಏರಿಸಿದರು. ಇರುವ ಲಾರಿಯೇ ಜಾಸ್ತಿ ಹೊರುವಾಗ ಹೊಸದು ಯಾಕೆ? ಸೆಪ್ಟೆಂಬರಿನ ಹೊತ್ತಿಗೆ ಐಎಲ್ ಆಂಡ್ ಎಫ್‌ಎಸ್ ಅನ್ನೋ ದೊಡ್ಡ ಹಣಕಾಸು ಕಂಪನಿ ಸಾಲ ಕಟ್ಟಲಾಗದೆ ಕೈಚೆಲ್ಲಿತು, ಫೈನಾನ್ಸ್ ಕಂಪನಿಗಳ ನಲ್ಲಿ ಬತ್ತಿತು. 2020ರ ಏಪ್ರಿಲ್ 1ರಿಂದ ವಾಹನದ ಹೊಗೆಯ ಹೊಸ ನಿಯಮ ಬಿಎಸ್-6 ಬರುತ್ತೆ ಅಂತ ಕೊಳ್ಳುವವರೂ ಕಾದು ಕೂತರು. 2019ರ ಸೆಪ್ಟೆಂಬರ್ 7 ಮತ್ತು 9ರಂದು ಮಾರುತಿಯವರೇ ಗುರುಗ್ರಾಮ, ಮಾನೇಸರ್ ಪ್ಲಾಂಟ್ ಮುಚ್ಚಿದರು. ಅದೇ ತಿಂಗಳ 20ಕ್ಕೆ ಕಾರ್ಪೊರೇಟ್ ತೆರಿಗೆ 30ರಿಂದ 22ಕ್ಕೆ ಇಳಿಯಿತು. ಕಂಪನಿ ಅಲ್ಲದೆ ಸ್ವಂತ ಹೆಸರಲ್ಲಿ ವ್ಯಾಪಾರ ಮಾಡುವ ನನ್ನಂಥ ಪ್ರೊಪ್ರೈಟರ್‌ಗೆ ಅದರಲ್ಲಿ ಪೈಸೆ ಇಲ್ಲ. ನನ್ನ ಗಿರಾಕಿಯೊಬ್ಬರಿಗೆ ಸಿಕ್ಕಿತು. ಆ ಸಂತೋಷಕ್ಕೆ ಇರಬೇಕು, ಅಕ್ಟೋಬರ್‌ನಲ್ಲಿ ನಮಗೆಲ್ಲ ಶೇ 3 ರೇಟ್ ಇಳಿಸಿ ಅಂತ ಪತ್ರ ಕಳಿಸಿದರು.

ಈ ಸಲ ಸ್ಕ್ರ್ಯಾಪ್‌ನವನು ಹೇಳಿದ ವಾರವೇ ನಾನು ಬ್ಯಾಂಕಿಗೆ ಹೋದೆ. ಮ್ಯಾನೇಜರ್‌ಗೆ ನೋಟ್‌ಬುಕ್ಕೇ ತೋರಿಸಿದೆ. "ಸಾರ್, ಜೂನ್ ಹೊತ್ತಿಗೆ ಡಿಪಿ ಇಳಿಯುತ್ತೆ. ಈಗಲೇ ಹೇಳ್ತಿದ್ದೀನಿ" ಅಂದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಗಿರಾಕಿ ಬಂದು ತನ್ನ ಕೆಟ್ಟ ಸುದ್ದಿ ಮೊದಲೇ ಹೇಳಿದ್ದು ಅವರಿಗೂ ಹೊಸದಿರಬೇಕು. ಲಿಮಿಟ್ ಏನೂ ಏರಿಸಲಿಲ್ಲ, ಆದರೆ ಆಗಸ್ಟ್‌ನಲ್ಲಿ ಎರಡು ಸಲ ನನ್ನ ಚೆಕ್ ವಾಪಸ್ ಹೋಗದ ಹಾಗೆ ತಾತ್ಕಾಲಿಕವಾಗಿ ದಾರಿ ಮಾಡಿಕೊಟ್ಟರು.

ಹುಡುಗರನ್ನು ಕಳಿಸಲಿಲ್ಲ. ರಾತ್ರಿ ಶಿಫ್ಟ್ ನಿಲ್ಲಿಸಿ, ಓಟಿ ನಿಲ್ಲಿಸಿ, ವಾರಕ್ಕೆ ಐದು ದಿನ ಮಾಡಿದೆ. ಮನೆಗೆ ಅಂತ ನಾನು ತೆಗೆದುಕೊಳ್ಳೋ ದುಡ್ಡನ್ನೂ ಅರ್ಧ ಮಾಡಿದೆ ಅಂತ ಅವರಿಗೆ ಲೆಕ್ಕ ತೋರಿಸಿಯೇ ಹೇಳಿದೆ. ಒಬ್ಬ ಬಿಟ್ಟು ಹೋದ, ಉಳಿದವರು ಇದ್ದರು. ಖಾಲಿ ಹೊತ್ತಿನಲ್ಲಿ ಪಂಪ್ ಶಾಫ್ಟು, ಔಷಧಿ ಹೊಡೆಯೋ ಸ್ಪ್ರೇಯರ್‌ನ ಹಿತ್ತಾಳೆ ಭಾಗಗಳ ಕೆಲಸ ಹುಡುಕಿದೆ. ಸ್ಪ್ರೇಯರ್‌ನವರು ಪಾವತಿ ಮಾಡೋದು ಇಪ್ಪತ್ತೇ ದಿನಕ್ಕೆ, ರೇಟ್ ಮಾತ್ರ ಕಮ್ಮಿ. ಕಮ್ಮಿ ರೇಟಿನ ಬೇಗ ಬರೋ ದುಡ್ಡು ನನಗೆ ಜಾಸ್ತಿ ರುಚಿಸಿತು. ವಿಮಾನದ ಭಾಗ ಮಾಡ್ತೀನಿ ಅಂತ ಸರ್ಟಿಫಿಕೇಟಿಗೆ ಓಡಾಡಿ ಒಂದಷ್ಟು ಕಳೆದುಕೊಂಡಿದ್ದೂ ಇದೆ. ಅದು ನನ್ನ ಅಳತೆಯ ಅಂಗಿ ಆಗಿರಲಿಲ್ಲ.

2020ರ ಜನವರಿಯಲ್ಲಿ ಎರಡು ಬೀದಿ ಆಚೆ ಒಬ್ಬರು ಶೆಡ್ ಮುಚ್ಚಿದರು. ಅವರ ಸಿಎನ್‌ಸಿ ಒಂದನ್ನು ಹೊಸದರ ಮೂರನೇ ಒಂದು ಬೆಲೆಗೆ ಕೊಂಡೆ. ಸ್ಲೋಡೌನ್‌ನಲ್ಲಿ ಮಷೀನ್ ಅಗ್ಗ ಅಂತ ಜಾಣತನ ತೋರಿಸಿದ್ದು. ಮಾರ್ಚ್ 25ಕ್ಕೆ ಲಾಕ್‌ಡೌನ್. ನನ್ನ ಜಾಣತನಕ್ಕೆ ಟಾರ್ಪಾಲ್ ಹೊದಿಸಿ ಬಾಗಿಲು ಹಾಕಿದೆ. ಸಾಲ ಇಲ್ಲದೆ, ಕೂಡಿಟ್ಟ ದುಡ್ಡಲ್ಲಿ ಕೊಂಡಿದ್ದೆ, ಅದೊಂದೇ ಪುಣ್ಯ. ಆ ಬಾರಿ ಎಸ್‌ಐಪಿಗೂ ಕೈ ಹಾಕಲಿಲ್ಲ. ಮಾರ್ಚ್ 23ಕ್ಕೆ ಒಂದೇ ದಿನ ಸೆನ್ಸೆಕ್ಸ್ ಶೇ 13 ಬಿದ್ದಾಗ ಆ್ಯಪನ್ನೇ ಫೋನಿನಿಂದ ತೆಗೆದೆ. ಮನೆಯ ಎಂಟು ತಿಂಗಳ ಖರ್ಚು ಎಫ್‌ಡಿಯಲ್ಲಿ ಬೇರೆ ಇತ್ತು, ಅದಕ್ಕೇ ಆ ಧೈರ್ಯ.

ಕೊಪ್ಪಳ ಕಡೆಯ ಇಬ್ಬರು ಹುಡುಗರು ಶೆಡ್ಡಲ್ಲೇ ಉಳಿದರು. ಬಿಹಾರದವರು ಶ್ರಮಿಕ್ ರೈಲು ಹತ್ತಿದರು. ಬ್ಯಾಂಕಿನ ಮೂರು ತಿಂಗಳ ಮೊರಟೋರಿಯಂ, ಅಂದರೆ ಕಂತು ಕಟ್ಟೋಕೆ ವಿನಾಯಿತಿ, ತಗೊಂಡೆ, ಎರಡನೇ ಮೂರು ತಿಂಗಳು ಬೇಡ ಅಂದೆ. ಕಂತು ಮುಂದೆ ಹೋಗುತ್ತೆ, ಬಡ್ಡಿ ಕೂತಲ್ಲೇ ಬೆಳೆಯುತ್ತೆ. ತುರ್ತು ಸಾಲದ ಗ್ಯಾರಂಟಿ ಯೋಜನೆಯಲ್ಲಿ ಇದ್ದ ಬಾಕಿಯ ಶೇ 20, ಅಂದರೆ ನನಗೆ 6.2 ಲಕ್ಷ, ಶೇ 9.25 ಮೀರದ ಬಡ್ಡಿಗೆ ಸಿಕ್ಕಿತು. ಅದರಲ್ಲಿ ಸ್ಟೀಲಿನವರ ಬಾಕಿ ತೀರಿಸಿದೆ. ಜೂನ್‌ನಲ್ಲಿ ಎಲ್ಲರೂ ಸ್ಟೀಲಿಗೆ ಸಾಲು ನಿಂತಾಗ ನನ್ನ ಲೋಡ್ ಮೊದಲು ಬಂತು.

ಆ ಹಳೇ ಮಷೀನ್ ಶುರುವಾಗಿದ್ದು ಅದೇ ಜೂನ್‌ನಲ್ಲಿ, ವೆಂಟಿಲೇಟರ್‌ಗೆ ಹೋಗುವ ಸಣ್ಣ ಫಿಟಿಂಗ್ ಒಂದರ ಕೆಲಸಕ್ಕೆ. ಅದರ ಬಾಗಿಲ ಮೇಲೆ ಹಿಂದಿನ ಯಜಮಾನರ ಆಯುಧಪೂಜೆಯ ಕುಂಕುಮದ ಕಲೆ ಹಾಗೇ ಇತ್ತು, ಕೂಲೆಂಟಿಗೂ ಹೋಗಿರಲಿಲ್ಲ. ನಾನೂ ಒರೆಸಲಿಲ್ಲ. ಅವರು ಈಗ ಇನ್ಸರ್ಟ್ ಮಾರುತ್ತಾರೆ, ತಿಂಗಳಿಗೊಮ್ಮೆ ನಮ್ಮ ಶೆಡ್ಡಿಗೆ ಬರುತ್ತಾರೆ. ಆಫೀಸಿಗೆ ಬರುವ ಮೊದಲು ನೇರವಾಗಿ ಆ ಮಷೀನ್ ಹತ್ತಿರ ಹೋಗಿ ಸ್ಪಿಂಡಲ್ ಮೇಲೆ ಕೈಯಿಟ್ಟು ಒಂದು ನಿಮಿಷ ನಿಲ್ಲುತ್ತಾರೆ. ಹೋದ ತಿಂಗಳು ಹಾಗೇ ನಿಂತು, "ಸಾರ್, ಬೇರಿಂಗ್ ಸದ್ದು ಬರ್ತಿದೆ. ಈ ಚಳಿಗಾಲ ದಾಟಲ್ಲ, ಆರ್ಡರ್ ಹಾಕಿಬಿಡಿ" ಅಂದರು. ಹಾಕಿದ್ದೇನೆ.